ಕ್ರಿಯಾವರ್ಧಕದ ಆಯುಷ್ಯ: ಭಾರ ತೈಲವನ್ನು ಹಗುರಗೊಳಿಸುವ ವಿದ್ಯೆ



ಕ್ರಿಯಾವರ್ಧಕ ಎಂದರೇನು ಎಂದು ಹೈಸ್ಕೂಲಿನ ಯಾವ ಮಗುವನ್ನು ಕೇಳಿದರೂ ತಡವರಿಸದೆ ಉತ್ತರ ಬರುತ್ತದೆ: ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸಿ ತಾನು ಮಾತ್ರ ಬದಲಾಗದೆ ಉಳಿಯುವ ವಸ್ತು. ಸ್ವೀಡನ್ನಿನ ಬರ್ಜೀಲಿಯಸ್ 1835ರಲ್ಲಿ ಈ ವಿದ್ಯಮಾನಕ್ಕೆ ಹೆಸರಿಟ್ಟ. ಅಲ್ಲಿಂದ ಇಲ್ಲಿಯವರೆಗೆ ಆ ಉತ್ತರಕ್ಕೆ ಪೂರ್ತಿ ಅಂಕ ಸಿಗುತ್ತ ಬಂದಿದೆ. ಸಿಗಬೇಕಾದದ್ದೇ. ಆದರೆ ತೈಲ ಸಂಸ್ಕರಣಾಗಾರದಲ್ಲಿ ದುಡಿದವರ ಮುಂದೆ ಇದನ್ನು ಹೇಳಿ ನೋಡಿ, ನಕ್ಕುಬಿಡುತ್ತಾರೆ. ಅವರ ಕೈಗೆ ಬರುವ ಕ್ರಿಯಾವರ್ಧಕ ಕಪ್ಪಾಗುತ್ತದೆ, ರಂಧ್ರ ಮುಚ್ಚಿಕೊಳ್ಳುತ್ತದೆ, ವಿಷವೇರಿ ಸಾಯುತ್ತದೆ. ಆ ಸಾವಿಗೆ ಒಂದು ಕಡೆ ಎರಡು ಮೂರು ಸೆಕೆಂಡು ಸಾಕು, ಇನ್ನೊಂದು ಕಡೆ ಒಂದು ವರ್ಷ ಬೇಕು. ಇಂದು ನಾನು ಹೇಳಹೊರಟಿರುವುದು ಇಷ್ಟೇ. ಭಾರವಾದ ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲು ತೆಗೆಯುವ ಸ್ಥಾವರಗಳ ಆಕಾರ, ಎತ್ತರ, ಖರ್ಚು ಇವನ್ನೆಲ್ಲ ನಿರ್ಧರಿಸಿದ್ದು ಕ್ರಿಯಾವರ್ಧಕದ ಚುರುಕುತನಕ್ಕಿಂತ ಹೆಚ್ಚಾಗಿ ಅದು ಸಾಯುವ ವೇಗ.

ಮೊದಲು ತೈಲದ ವಿಚಾರ. ಕಚ್ಚಾ ತೈಲದ ಹಗುರತನವನ್ನು ಅಳೆಯಲು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯವರು ರೂಪಿಸಿದ ಎಪಿಐ ಎಂಬ ಅಳತೆಗೋಲು ಇದೆ. ಅದರಲ್ಲಿ ನೀರಿನ ಬೆಲೆ 10. ಅಂಕಿ ಏರಿದಷ್ಟೂ ತೈಲ ಹಗುರ. 31 ದಾಟಿದ್ದು ಹಗುರ ತೈಲ, 22ಕ್ಕಿಂತ ಕೆಳಗಿನದು ಭಾರ ತೈಲ, 10ಕ್ಕಿಂತ ಕೆಳಗಿನದು ನೀರಿನಲ್ಲಿ ಮುಳುಗುವ ಅತಿಭಾರ ತೈಲ. ಮೆಕ್ಸಿಕೋದ ಮಾಯಾ ತೈಲ ಸುಮಾರು 22. ವೆನಿಜುವೆಲಾದ ಬೊಸ್ಕಾನ್ ತೈಲ 10ರ ಆಸುಪಾಸು. ಅದರ ಜೊತೆಗೆ ಶೇ. 5ರಷ್ಟು ಗಂಧಕ, ಹತ್ತು ಲಕ್ಷ ಭಾಗಕ್ಕೆ ಸಾವಿರಕ್ಕೂ ಹೆಚ್ಚು ಭಾಗ ವನೇಡಿಯಂ. ಇಲ್ಲಿ ಒಂದು ಎಚ್ಚರಿಕೆ: ಗಟ್ಟಿಯಾಗಿರುವುದೆಲ್ಲ ಭಾರ ತೈಲವಲ್ಲ. ರಾಜಸ್ಥಾನದ ಬಾಡಮೇರ್‌ನ ಮಂಗಲಾ ಕ್ಷೇತ್ರದ ತೈಲ ಸಾಮಾನ್ಯ ಉಷ್ಣತೆಯಲ್ಲೇ ಹೆಪ್ಪುಗಟ್ಟುವುದರಿಂದ ಅದನ್ನು ಗುಜರಾತಿನ ಕರಾವಳಿಗೆ ಬಿಸಿ ಕೊಳವೆಯಲ್ಲಿ ಸಾಗಿಸಬೇಕು. ಅದಕ್ಕೆ ಕಾರಣ ಮೇಣ. ಮೇಣವನ್ನು ಒಡೆಯುವುದು ಕಷ್ಟದ ಕೆಲಸವೇ ಅಲ್ಲ.

ಭಾರ ತೈಲದ ನಿಜವಾದ ತೊಂದರೆ ಲೆಕ್ಕದ್ದು. ಡೀಸೆಲಿನಲ್ಲಿ 100 ಇಂಗಾಲದ ಪರಮಾಣುಗಳಿಗೆ 180ರಿಂದ 190 ಹೈಡ್ರೋಜನ್ ಪರಮಾಣುಗಳಿರುತ್ತವೆ. ಕೆನಡಾದ ಅಥಬಾಸ್ಕಾ ಮರಳಿನಿಂದ ತೊಳೆದು ತೆಗೆದ ಬಿಟುಮೆನ್ನಿನಲ್ಲಿ ಸುಮಾರು 150. ಭಾರ ತೈಲದ ಅತ್ಯಂತ ಕಗ್ಗಂಟಿನ ಭಾಗವಾದ ಆಸ್ಫಾಲ್ಟೀನಿನಲ್ಲಿ 110ರಿಂದ 120. ಕಲ್ಲಿದ್ದಲಿನಲ್ಲಿ 80ರ ಆಸುಪಾಸು. ಅಂದಮೇಲೆ ಭಾರ ತೈಲ ಡೀಸೆಲಾಗಬೇಕಾದರೆ ಎರಡೇ ದಾರಿ. ಹೆಚ್ಚಾಗಿರುವ ಇಂಗಾಲವನ್ನು ತೆಗೆದು ಹಾಕಬೇಕು, ಇಲ್ಲವೇ ಕೊರತೆಯ ಹೈಡ್ರೋಜನ್ನನ್ನು ಹೊರಗಿನಿಂದ ತಂದು ತುಂಬಬೇಕು. ಮೂರನೆಯ ದಾರಿ ಇಲ್ಲ. ಜಗತ್ತಿನ ಯಾವ ಸಂಸ್ಕರಣಾಗಾರಕ್ಕೆ ಹೋದರೂ, ಅಲ್ಲಿನ ಗೋಪುರಗಳ ಹೆಸರು ಏನೇ ಇರಲಿ, ಇವೆರಡರಲ್ಲಿ ಒಂದು ನಡೆಯುತ್ತಿರುತ್ತದೆ.

ಇಂಗಾಲ ತೆಗೆಯುವ ಹಳೆಯ ವಿಧಾನ ಬರೀ ಕಾಯಿಸುವುದು. ಇಂಡಿಯಾನಾದ ವೈಟಿಂಗ್‌ನಲ್ಲಿ ವಿಲಿಯಂ ಬರ್ಟನ್ 1913ರಲ್ಲಿ ಒತ್ತಡದಲ್ಲಿ ತೈಲ ಕಾಯಿಸಿ ದೊಡ್ಡ ಅಣುಗಳನ್ನು ಒಡೆದು ಪೆಟ್ರೋಲ್ ತೆಗೆದ. ಎರಡು ವರ್ಷದ ತರುವಾಯ ಗಲ್ಫ್ ಕಂಪನಿಯ ಮಕಾಫೀ ಅಲ್ಯೂಮಿನಿಯಂ ಕ್ಲೋರೈಡ್ ಬಳಸಿದರೆ ಕೆಲಸ ಇನ್ನೂ ಸುಲಭ ಎಂದು ತೋರಿಸಿದ. ಆದರೆ ಆ ಕ್ಲೋರೈಡು ತೈಲದ ಗಸಿಯಲ್ಲಿ ಬೆರೆತುಹೋಗಿ ವಾಪಸು ಸಿಗಲಿಲ್ಲ. ಕ್ರಿಯಾವರ್ಧಕವನ್ನೇ ಪ್ರತಿ ಸಲ ಕೊಳ್ಳಬೇಕಾದರೆ ಪೆಟ್ರೋಲ್ ಮಾರಿ ಏನು ಲಾಭ? ಆ ವಿಧಾನ ಮೂಲೆ ಸೇರಿತು.

ಈ ಹಂತದಲ್ಲಿ ಬರುವವನು ಯೂಜೀನ್ ಹೂಡ್ರಿ. 1892ರಲ್ಲಿ ಪ್ಯಾರಿಸ್ ಬಳಿ ಹುಟ್ಟಿದ ಎಂಜಿನಿಯರ್, ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿದ್ದು ಗಾಯಗೊಂಡವನು, ರೇಸ್ ಕಾರುಗಳ ಹುಚ್ಚಿನವನು. ಒಳ್ಳೆಯ ಪೆಟ್ರೋಲ್ ಬೇಕೆಂಬ ಅವನ ಹಟಕ್ಕೆ ಆ ಹುಚ್ಚೂ ಒಂದು ಕಾರಣ. ಫ್ರಾನ್ಸಿನಲ್ಲಿ ಕಂದು ಕಲ್ಲಿದ್ದಲಿನಿಂದ ಆರಂಭಿಸಿ ಸೋತ. ಮುಂದೆ ತೈಲಕ್ಕೆ ತಿರುಗಿದ. 1930ರಲ್ಲಿ ವ್ಯಾಕ್ಯೂಮ್ ಆಯಿಲ್ ಕಂಪನಿಯ ಕರೆಯ ಮೇಲೆ ಅಮೆರಿಕಕ್ಕೆ ಹೋದ. ಆಮ್ಲದಲ್ಲಿ ಸಂಸ್ಕರಿಸಿದ ಒಂದು ಬಗೆಯ ಜೇಡಿಮಣ್ಣು ಭಾರ ತೈಲವನ್ನು ಚೆನ್ನಾಗಿ ಒಡೆಯುತ್ತದೆಂದು ಅವನಿಗೆ ಗೊತ್ತಾಗಿತ್ತು. ಅದು ಹತ್ತು ನಿಮಿಷದಲ್ಲಿ ಕೋಕ್ ಎಂಬ ಗಟ್ಟಿ ಇಂಗಾಲ ಕಟ್ಟಿಕೊಂಡು ನಿಷ್ಕ್ರಿಯವಾಗುತ್ತದೆ ಎಂಬುದೂ ಗೊತ್ತಾಗಿತ್ತು. ಇತರರು ಇಲ್ಲಿಗೇ ಕೈಬಿಟ್ಟಿದ್ದರು. ಹೂಡ್ರಿ ಮಾತ್ರ ಸಾವನ್ನು ತಪ್ಪಿಸುವ ಗೋಜಿಗೆ ಹೋಗದೆ ಅದನ್ನು ವೇಳಾಪಟ್ಟಿಯೊಳಗೆ ತಂದ. ಹತ್ತು ನಿಮಿಷ ತೈಲ ಹಾಯಿಸು, ಉಗಿಯಿಂದ ತೊಳೆ, ಗಾಳಿ ಬಿಟ್ಟು ಕೋಕನ್ನು ಸುಟ್ಟುಬಿಡು, ಮತ್ತೆ ತೈಲ ಹಾಯಿಸು. ಒಂದು ಪಾತ್ರೆ ಉರಿಯುತ್ತಿರುವಾಗ ಪಕ್ಕದ ಪಾತ್ರೆ ಕೆಲಸ ಮಾಡುತ್ತಿರುತ್ತದೆ. 1937ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್‌ನಲ್ಲಿ ಸನ್ ಆಯಿಲ್ ಕಂಪನಿಯ ದೊಡ್ಡ ಘಟಕ ಶುರುವಾಯಿತು. ಎರಡನೆಯ ಮಹಾಯುದ್ಧದ ವಿಮಾನಗಳಿಗೆ ಬೇಕಾದ ಹೆಚ್ಚಿನ ಆಕ್ಟೇನ್ ಪೆಟ್ರೋಲ್ ಇಂಥ ಘಟಕಗಳಿಂದ ಹರಿದುಬಂತು.

ಹೂಡ್ರಿಯ ಬದುಕಿನ ಕೊನೆಯ ಭಾಗವನ್ನು ಇಲ್ಲೇ ಹೇಳಿಬಿಡುತ್ತೇನೆ. 1950ರ ದಶಕದಲ್ಲಿ ಆತ ವಾಹನಗಳ ಹೊಗೆ ಶುದ್ಧಮಾಡುವ ಕ್ರಿಯಾವರ್ಧಕ ಸಾಧನವನ್ನು ರೂಪಿಸಿದ. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಅದನ್ನು ಕೊಂದುಹಾಕುತ್ತಿತ್ತು. ಹೂಡ್ರಿ 1962ರಲ್ಲಿ ತೀರಿಕೊಂಡ. ಅಮೆರಿಕದಲ್ಲಿ ಸೀಸವಿಲ್ಲದ ಪೆಟ್ರೋಲ್ ವ್ಯಾಪಕವಾಗಿದ್ದು 1970ರ ದಶಕದಲ್ಲಿ, ಭಾರತದಲ್ಲಿ 2000ದಲ್ಲಿ. ಸಾಧನ ಮೊದಲು ಬಂತು, ಅದು ಬದುಕುವ ವಾತಾವರಣ ಎಷ್ಟೋ ತಡವಾಗಿ ಬಂತು.

ಹತ್ತು ನಿಮಿಷಕ್ಕೊಮ್ಮೆ ಕವಾಟ ತಿರುಗಿಸುವ ಹೂಡ್ರಿ ಘಟಕ ಬಹಳ ದುಬಾರಿಯಾಗಿತ್ತು. ಅದರ ಪರವಾನಗಿ ಶುಲ್ಕ ತಪ್ಪಿಸಿಕೊಳ್ಳಲೆಂದೇ ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಬೇರೆ ದಾರಿ ಹುಡುಕಿತು. ತೈಲವನ್ನು ಬದಲಿಸುತ್ತ ಕೂರುವ ಬದಲು ಕ್ರಿಯಾವರ್ಧಕವೇ ಓಡಾಡಿದರೆ? ಎಂಐಟಿಯ ವಾರೆನ್ ಲೂಯಿಸ್ ಮತ್ತು ಎಡ್ವಿನ್ ಗಿಲಿಲ್ಯಾಂಡ್, ನುಣ್ಣನೆಯ ಪುಡಿಯ ನಡುವೆ ಹದವಾಗಿ ಅನಿಲ ಹಾಯಿಸಿದರೆ ಆ ಪುಡಿ ದ್ರವದ ಹಾಗೆ ಹರಿಯುತ್ತದೆಂದು ತೋರಿಸಿದರು. ಕ್ಯಾಂಪ್‌ಬೆಲ್, ಮಾರ್ಟಿನ್, ಮರ್ಫ್ರೀ, ಟೈಸನ್ ಎಂಬ ನಾಲ್ವರು ಅದನ್ನು ಸ್ಥಾವರವಾಗಿಸಿದರು. 1942ರ ಮೇ 25ರಂದು ಲೂಯಿಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಮೊದಲ ಫ್ಲೂಯಿಡ್ ಕ್ಯಾಟಲಿಟಿಕ್ ಕ್ರ್ಯಾಕರ್ ಚಾಲೂ ಆಯಿತು. ಇಂದಿಗೂ ಎಫ್‌ಸಿಸಿ ಎಂದರೆ ಅದೇ.

ಎಫ್‌ಸಿಸಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ರಾಸಾಯನಿಕ ಎಂಜಿನಿಯರಿಂಗ್‌ನಲ್ಲಿ ಇಷ್ಟು ಸೊಗಸಾದ ಯಂತ್ರ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಸುಮಾರು 70 ಮೈಕ್ರಾನ್ ಗಾತ್ರದ ಬಿಸಿ ಕ್ರಿಯಾವರ್ಧಕದ ಕಣಗಳು ಒಂದು ಲಂಬ ಕೊಳವೆಯ ಬುಡಕ್ಕೆ ಬರುತ್ತವೆ. ಅಲ್ಲಿ ಸಿಂಪಡಿಸಿದ ಭಾರ ತೈಲ ಕಣಗಳ ಬಿಸಿಗೆ ಆವಿಯಾಗುತ್ತದೆ, ಒಡೆಯುತ್ತದೆ, ಕಣಗಳನ್ನೂ ಹೊತ್ತುಕೊಂಡು ಮೇಲೆ ಚಿಮ್ಮುತ್ತದೆ. ತುದಿ ತಲುಪಲು ಎರಡು ಮೂರು ಸೆಕೆಂಡು, ಉಷ್ಣತೆ 520ರಿಂದ 540 ಡಿಗ್ರಿ ಸೆಲ್ಸಿಯಸ್. ಅಷ್ಟರಲ್ಲಿ ಕಣದ ತೂಕದ ಶೇ. 1ರಷ್ಟು ಕೋಕ್ ಅದರ ಮೇಲೆ ಕಟ್ಟಿರುತ್ತದೆ, ಚುರುಕು ಮುಗಿದಿರುತ್ತದೆ. ಕಣಗಳು ಪಕ್ಕದ ಪಾತ್ರೆಗೆ ಇಳಿಯುತ್ತವೆ. ಅಲ್ಲಿ ಗಾಳಿಯಲ್ಲಿ ಕೋಕ್ ಉರಿದುಹೋಗಿ, 700 ಡಿಗ್ರಿಯ ಬಿಸಿ ಹೊತ್ತು, ಮತ್ತೆ ಕೊಳವೆಯ ಬುಡಕ್ಕೆ ಬರುತ್ತವೆ. ನಿಮಿಷಕ್ಕೆ ಹತ್ತಾರು ಟನ್ ಪುಡಿ ಹೀಗೆ ಹಗಲೂ ರಾತ್ರಿ ಸುತ್ತುತ್ತಿರುತ್ತದೆ. ಗಮನಿಸಿ, ತೈಲ ಒಡೆಯಲು ಬೇಕಾದ ಶಾಖ ಬರುವುದು ಆ ಕೋಕ್ ಉರಿದದ್ದರಿಂದಲೇ. ಕ್ರಿಯಾವರ್ಧಕವನ್ನು ಕೊಂದ ವಸ್ತುವೇ ಸ್ಥಾವರಕ್ಕೆ ಉರುವಲು. ಕೋಕ್ ಕಡಿಮೆಯಾದರೆ ಘಟಕ ತಣ್ಣಗಾಗುತ್ತದೆ, ಹೆಚ್ಚಾದರೆ ಮಿತಿಮೀರಿ ಕಾಯುತ್ತದೆ. ನಿಯಂತ್ರಣ ಕೊಠಡಿಯಲ್ಲಿ ಕೂತವರ ಕೌಶಲವೆಲ್ಲ ಈ ಸಮತೋಲ ಕಾಯುವುದರಲ್ಲಿದೆ.

ಆ ಸಮತೋಲವನ್ನು ಕೆಡಿಸುವುದೇ ಭಾರ ತೈಲ. ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಶೇಷವನ್ನು ನೇರವಾಗಿ ಎಫ್‌ಸಿಸಿಗೆ ಬಿಟ್ಟರೆ ಕೋಕ್ ವಿಪರೀತವಾಗುತ್ತದೆ; ಶಾಖ ತೆಗೆಯಲು ಪ್ರತ್ಯೇಕ ಶೀತಕಗಳನ್ನು ಕೂರಿಸಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಕೇಡು ಲೋಹಗಳದು. 1960ರ ದಶಕದ ಆರಂಭದಲ್ಲಿ ಮೊಬಿಲ್‌ನ ಚಾರ್ಲ್ಸ್ ಪ್ಲ್ಯಾಂಕ್ ಮತ್ತು ಎಡ್ವರ್ಡ್ ರೋಸಿನ್ಸ್ಕಿ ಜೇಡಿಮಣ್ಣಿನ ಜಾಗಕ್ಕೆ ಜಿಯೊಲೈಟ್ ಹರಳುಗಳನ್ನು ತಂದಿದ್ದರು. ಪೆಟ್ರೋಲಿನ ಇಳುವರಿ ಒಮ್ಮೆಲೇ ಏರಿತು. ಆದರೆ ಆ ಹರಳಿನ ರಂಧ್ರದ ಬಾಗಿಲು ಒಂದು ನ್ಯಾನೊಮೀಟರಿಗಿಂತ ಚಿಕ್ಕದು, 0.74 ನ್ಯಾನೊಮೀಟರ್. ಆಸ್ಫಾಲ್ಟೀನಿನ ಗುಂಪುಗಳು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ, ಒಳಗೆ ಹೋಗಲಾರವು. ಆದ್ದರಿಂದ ಹರಳಿನ ಸುತ್ತ ದೊಡ್ಡ ರಂಧ್ರಗಳ ಅಲ್ಯೂಮಿನಾ ಹಾಕಿ, ದಪ್ಪ ಅಣುಗಳನ್ನು ಮೊದಲು ಅಲ್ಲಿ ತುಂಡರಿಸಿ, ತುಂಡುಗಳನ್ನು ಹರಳಿನೊಳಕ್ಕೆ ಕಳಿಸುವ ಉಪಾಯ ಬಂತು. ಆದರೆ ಅಣು ತುಂಡಾದಾಗ ಅದರೊಳಗಿದ್ದ ನಿಕಲ್ ಮತ್ತು ವನೇಡಿಯಂ ಹೊರಬಿದ್ದು ಕಣದ ಮೇಲೆ ಕೂರುತ್ತವೆ. ಕೋಕಿನ ಹಾಗೆ ಇವನ್ನು ಸುಟ್ಟು ತೆಗೆಯಲಾಗದು.

ಈ ಎರಡು ಲೋಹಗಳ ಗುಣ ಬೇರೆ ಬೇರೆ. ನಿಕಲ್ ಕೂತಲ್ಲೇ ಕೂತು ತೈಲದಿಂದ ಹೈಡ್ರೋಜನ್ ಕಿತ್ತು ಇನ್ನಷ್ಟು ಕೋಕ್ ಮಾಡುತ್ತದೆ. ಅದರ ಮೇಲೆ ಆಂಟಿಮನಿ ಲೇಪಿಸಿ ಸುಮ್ಮನಿರಿಸಬಹುದೆಂದು 1970ರ ದಶಕದಲ್ಲಿ ಫಿಲಿಪ್ಸ್ ಪೆಟ್ರೋಲಿಯಂನವರು ಕಂಡುಕೊಂಡರು. ವನೇಡಿಯಂ ಅಷ್ಟು ಸುಲಭದ್ದಲ್ಲ. ಅದರ ಆಕ್ಸೈಡ್ ಕರಗುವುದು 690 ಡಿಗ್ರಿಯ ಹತ್ತಿರ, ಅಂದರೆ ಕೋಕ್ ಉರಿಯುವ ಪಾತ್ರೆಯ ಉಷ್ಣತೆಯಲ್ಲೇ. ಕಣದಿಂದ ಕಣಕ್ಕೆ ಸರಿದಾಡುತ್ತದೆ, ಹಬೆಯೊಡನೆ ಸೇರಿ ಆಮ್ಲವಾಗಿ ಜಿಯೊಲೈಟ್ ಹರಳನ್ನೇ ಕುಸಿಯುವಂತೆ ಮಾಡುತ್ತದೆ. ಇದಕ್ಕೆ ಮುಖ್ಯ ಉತ್ತರ, ಪ್ರತಿದಿನ ಕೆಲವು ಟನ್ ಹಳೆಯ ಪುಡಿ ತೆಗೆದು ಹೊಸದನ್ನು ಸುರಿಯುವುದು.

ಈ ವನೇಡಿಯಂ ತೈಲಕ್ಕೆ ಬಂದದ್ದೆಲ್ಲಿಂದ? 1930ರ ದಶಕದಲ್ಲಿ ಮ್ಯೂನಿಕ್‌ನ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಟ್ರೈಬ್ಸ್, ಕಚ್ಚಾ ತೈಲದಲ್ಲಿ ಪಾರ್ಫಿರಿನ್ ಎಂಬ ಉಂಗುರದಾಕಾರದ ಅಣುಗಳನ್ನು ಗುರುತಿಸಿದ. ಅದು ಪತ್ರಹರಿತ್ತಿನ ಅಸ್ಥಿಪಂಜರ. ನಡುವೆ ಇದ್ದ ಮೆಗ್ನೀಸಿಯಂ ಕಳಚಿಹೋಗಿ, ಆ ಜಾಗದಲ್ಲಿ ವನೇಡಿಯಂ ಅಥವಾ ನಿಕಲ್ ಬಂದು ಕೂತಿತ್ತು. ಪೆಟ್ರೋಲಿಯಂ ಜೀವಿಗಳಿಂದಲೇ ಹುಟ್ಟಿದ್ದೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇರಲಿಲ್ಲ. ಭೂವಿಜ್ಞಾನಿಗೆ ಸಂಭ್ರಮ ತಂದ ಈ ಅಣು ಸಂಸ್ಕರಣಾಗಾರದವರ ನಿದ್ದೆಗೆಡಿಸಿದೆ.

ಇನ್ನು ಎರಡನೆಯ ದಾರಿ, ಹೈಡ್ರೋಜನ್ ತುಂಬುವುದು. ಇದರ ಮೂಲ ಜರ್ಮನಿಯಲ್ಲಿದೆ. ಫ್ರೆಡರಿಕ್ ಬರ್ಗಿಯಸ್ ಕಲ್ಲಿದ್ದಲಿಗೆ ಅಧಿಕ ಒತ್ತಡದಲ್ಲಿ ಹೈಡ್ರೋಜನ್ ಸೇರಿಸಿ ತೈಲ ಮಾಡಬಹುದೆಂದು ತೋರಿಸಿದ, ಐ.ಜಿ. ಫಾರ್ಬೆನ್ ಕಂಪನಿ 1927ರಲ್ಲಿ ಲಾಯ್ನಾದಲ್ಲಿ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿತು. ಬರ್ಗಿಯಸ್‌ಗೆ ಕಾರ್ಲ್ ಬಾಷ್ ಜೊತೆಯಲ್ಲಿ 1931ರ ನೊಬೆಲ್ ಸಿಕ್ಕಿತು. ಆದರೆ ಹೈಡ್ರೋಜನ್ ಸೇರಿಸುವುದರಲ್ಲಿ ನಿಪುಣವಾದ ನಿಕಲ್, ಪ್ಲಾಟಿನಂ ಮೊದಲಾದ ಲೋಹಗಳಿಗೆ ಗಂಧಕವೆಂದರೆ ವಿಷ. ಭಾರ ತೈಲದಲ್ಲಿ ಗಂಧಕಕ್ಕೆ ಬರವೇ? ಜರ್ಮನ್ನರು ಹುಡುಕಿ ಹುಡುಕಿ ಕೊನೆಗೆ ಮಾಲಿಬ್ಡಿನಂ ಮತ್ತು ಟಂಗ್‌ಸ್ಟನ್‌ನ ಸಲ್ಫೈಡುಗಳಿಗೆ ಬಂದು ನಿಂತರು. ಅವುಗಳ ಮೈಯೇ ಗಂಧಕದ್ದು. ಸುತ್ತ ಗಂಧಕವಿದ್ದರೇನೇ ಚುರುಕು. ಕ್ರಿಯಾವರ್ಧಕಗಳಲ್ಲಿ ಇದೇ ನಂಜುಂಡ. ಕೋಬಾಲ್ಟ್ ಅಥವಾ ನಿಕಲ್ ಪರಮಾಣುಗಳು ಮಾಲಿಬ್ಡಿನಂ ಸಲ್ಫೈಡಿನ ತೆಳು ಪದರಗಳ ಅಂಚಿನಲ್ಲಿ ಕೂತಾಗ ಅದರ ಶಕ್ತಿ ಹಲವು ಪಟ್ಟು ಹೆಚ್ಚುತ್ತದೆ ಎಂಬುದನ್ನು ಡೆನ್ಮಾರ್ಕಿನ ಹೆನ್ರಿಕ್ ಟಾಪ್ಸೊ ಮತ್ತು ಸಂಗಡಿಗರು ವಿವರಿಸಿದರು. ಭಾರತದಲ್ಲಿ 1990ರ ದಶಕದವರೆಗೂ ಡೀಸೆಲಿನಲ್ಲಿ ಹತ್ತು ಲಕ್ಷಕ್ಕೆ 10,000 ಭಾಗದವರೆಗೆ ಗಂಧಕವಿರಬಹುದಾಗಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ 10 ಭಾಗ ಮಾತ್ರ. ಅದನ್ನು ಸಾಧ್ಯವಾಗಿಸಿದ್ದು ಈ ಸಲ್ಫೈಡುಗಳೇ.

ಈ ನಂಜುಂಡನಿಗೂ ವನೇಡಿಯಂ ದಕ್ಕುವುದಿಲ್ಲ. ಶೇಷ ತೈಲದ ರಿಯಾಕ್ಟರಿನಲ್ಲಿ ಒಂದೆರಡು ಮಿಲಿಮೀಟರ್ ದಪ್ಪದ ಗುಳಿಗೆಗಳ ಹಾಸು, 400 ಡಿಗ್ರಿಯ ಹತ್ತಿರದ ಉಷ್ಣತೆ, 100ರಿಂದ 200 ಪಟ್ಟು ವಾಯುಭಾರದ ಒತ್ತಡ. ಲೋಹಗಳು ಗುಳಿಗೆಯ ರಂಧ್ರದ ಬಾಯಲ್ಲೇ ಕೂತು ಮುಚ್ಚಿಬಿಡುತ್ತವೆ. ಗುಳಿಗೆಯ ಒಳಗಿನ ಭಾಗ ಪೂರ್ತಿ ಬಳಕೆಯಾಗದೆ ವ್ಯರ್ಥವಾಗುತ್ತದೆ. ಒಂದು ಸರಳ ಲೆಕ್ಕ ಹಾಕೋಣ. ದಿನಕ್ಕೆ 10,000 ಟನ್ ಶೇಷ ತೈಲ, ಅದರಲ್ಲಿ ಹತ್ತು ಲಕ್ಷಕ್ಕೆ 100 ಭಾಗ ಲೋಹ ಎಂದಿಟ್ಟುಕೊಳ್ಳಿ. ಪ್ರತಿದಿನ ಒಂದು ಟನ್ ಲೋಹ ರಿಯಾಕ್ಟರಿಗೆ ಬಂದು ಬೀಳುತ್ತದೆ! ವರ್ಷಕ್ಕೆ 365 ಟನ್. ಎಲ್ಲಿಡುತ್ತೀರಿ? ಮುಂಭಾಗದಲ್ಲಿ ಅಗಲ ರಂಧ್ರಗಳ ಅಗ್ಗದ ಗುಳಿಗೆ ಹಾಕಿ ಲೋಹವನ್ನು ಅಲ್ಲೇ ಹಿಡಿದು, ಹಿಂಭಾಗದ ದುಬಾರಿ ಗುಳಿಗೆಯನ್ನು ಕಾಪಾಡುವುದು ಒಂದು ಉಪಾಯ. ಹೀಗೆ ಮಾಡಿದರೂ ವರ್ಷಕ್ಕೊಮ್ಮೆ ಘಟಕ ನಿಲ್ಲಿಸಿ ಹಾಸನ್ನು ಬದಲಿಸಬೇಕು.

ಬೊಸ್ಕಾನ್‌ನಂಥ ತೈಲಕ್ಕೆ ಆ ಒಂದು ವರ್ಷವೂ ಸಿಗುವುದಿಲ್ಲ. ಅದಕ್ಕಾಗಿ ಎಚ್-ಆಯಿಲ್ ಎಂಬ ವಿಧಾನ ಬಂತು. ಅದರ ಮೊದಲ ವಾಣಿಜ್ಯ ಘಟಕ 1963ರಲ್ಲಿ ಲೂಯಿಸಿಯಾನಾದ ಲೇಕ್ ಚಾರ್ಲ್ಸ್‌ನಲ್ಲಿ. ಅಲ್ಲಿ ತೈಲ ಕೆಳಗಿನಿಂದ ರಭಸವಾಗಿ ಏರುತ್ತ ಗುಳಿಗೆಗಳನ್ನು ತೇಲಾಡಿಸುತ್ತದೆ. ಘಟಕ ನಿಲ್ಲಿಸದೆಯೇ ಸತ್ತ ಗುಳಿಗೆಗಳನ್ನು ಹೊರತೆಗೆದು ಹೊಸತನ್ನು ಹಾಕಬಹುದು. ಇದೇ ವಂಶದ ಎಲ್‌ಸಿ-ಫೈನಿಂಗ್ ಕೆನಡಾದ ಸಿಂಕ್ರೂಡ್ ಸ್ಥಾವರದಲ್ಲಿದೆ; ಅದರ ಮುಂದಿನ ರೂಪವಾದ ಎಲ್‌ಸಿ-ಮ್ಯಾಕ್ಸ್ ಅನ್ನು ಹಿಂದೂಸ್ತಾನ್ ಪೆಟ್ರೋಲಿಯಂ ತನ್ನ ವಿಶಾಖಪಟ್ಟಣದ ಸಂಸ್ಕರಣಾಗಾರಕ್ಕೆ ಆರಿಸಿಕೊಂಡಿತು. ಇನ್ನೂ ಮುಂದೆ ಹೋದವರು ಇಟಲಿಯ ಎನಿ ಕಂಪನಿಯವರು. ಅವರದರಲ್ಲಿ ಗುಳಿಗೆಯೇ ಇಲ್ಲ. ತೈಲದಲ್ಲಿ ಕರಗುವ ಮಾಲಿಬ್ಡಿನಂ ಸಂಯುಕ್ತ ರಿಯಾಕ್ಟರಿನೊಳಗೇ ಸಲ್ಫೈಡಿನ ಅತಿ ಸೂಕ್ಷ್ಮ ಪದರಗಳಾಗಿ ಹರಡಿಕೊಳ್ಳುತ್ತದೆ. ರಂಧ್ರವೇ ಇಲ್ಲದ ಮೇಲೆ ಮುಚ್ಚುವುದೇನನ್ನು? ಅವರ ಸನ್ನಾಜ಼ಾರೊ ಸಂಸ್ಕರಣಾಗಾರದಲ್ಲಿ 2013ರಲ್ಲಿ ಅದು ಶುರುವಾಯಿತು. 2016ರ ಡಿಸೆಂಬರಿನಲ್ಲಿ ದೊಡ್ಡ ಬೆಂಕಿ ಅನಾಹುತವೂ ಆಯಿತು. ಅಷ್ಟು ಒತ್ತಡದ ಹೈಡ್ರೋಜನ್ ಜೊತೆ ಬಾಳುವೆ ಸುಲಭದ್ದಲ್ಲ.

ಈಗ ನಮ್ಮ ಕರಾವಳಿಗೆ ಬರೋಣ. ಮಂಗಳೂರಿನ ಕುತ್ತೆತ್ತೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರ 1996ರಲ್ಲಿ ಕೆಲಸ ಶುರುಮಾಡಿತು, 2003ರಲ್ಲಿ ಒಎನ್‌ಜಿಸಿಯ ತೆಕ್ಕೆಗೆ ಬಂತು. ಇಂದು ಅದರ ಸಾಮರ್ಥ್ಯ ವರ್ಷಕ್ಕೆ 150 ಲಕ್ಷ ಟನ್. ಅದು ಮೂರನೆಯ ಹಂತದ ವಿಸ್ತರಣೆಯಲ್ಲಿ ತಳದ ಶೇಷಕ್ಕೆ ಆರಿಸಿಕೊಂಡದ್ದು ಕ್ರಿಯಾವರ್ಧಕವೇ ಇಲ್ಲದ ಡಿಲೇಡ್ ಕೋಕರ್. ಶೇಷವನ್ನು ಕಾಯಿಸಿ, ದೊಡ್ಡ ಪಾತ್ರೆಗಳಲ್ಲಿ ಇಂಗಾಲವನ್ನು ಪೆಟ್ಕೋಕ್ ಆಗಿ ಗಟ್ಟಿಗಟ್ಟಿಸಿ ಕೊರೆದು ತೆಗೆಯುವುದು. ಸಿಗುವ ಹಗುರ ತೈಲವನ್ನು ಹೈಡ್ರೋಜನ್ನಿನಿಂದ ಸಂಸ್ಕರಿಸಿ, ಆಮೇಲೆ ಎಫ್‌ಸಿಸಿಗೆ ಕಳಿಸಿ, ಅಲ್ಲಿ ಬರುವ ಪ್ರೊಪಿಲೀನಿನಿಂದ ಪ್ಲಾಸ್ಟಿಕ್ ಮಾಡುತ್ತಾರೆ. ಲೋಹವೆಲ್ಲ ಕೋಕಿನಲ್ಲಿ ಉಳಿದುಬಿಡುವುದರಿಂದ ಮುಂದಿನ ಕ್ರಿಯಾವರ್ಧಕಗಳು ಬದುಕುತ್ತವೆ. ಎಂಜಿನಿಯರಾಗಿ ನೋಡಿದರೆ ಜಾಣ ಆಯ್ಕೆ. ಆದರೆ ತೆಗೆದ ಇಂಗಾಲ ಮಾಯವಾಗುವುದಿಲ್ಲ. ಕೋಕ್ ಮತ್ತು ಗಂಧಕ ಘಟಕದ ಧೂಳು, ವಾಸನೆಗಳ ವಿರುದ್ಧ ಪಕ್ಕದ ಜೋಕಟ್ಟೆಯ ಜನ ಬೀದಿಗಿಳಿಯಬೇಕಾಯಿತು. ಹೈಡ್ರೋಜನ್ ದಾರಿ ನಿರ್ಮಲವೇ ಎಂದರೆ ಅದೂ ಅಲ್ಲ. ನೈಸರ್ಗಿಕ ಅನಿಲದಿಂದ ಒಂದು ಟನ್ ಹೈಡ್ರೋಜನ್ ತೆಗೆದರೆ ಒಂಬತ್ತು ಹತ್ತು ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ದಾರಿಯಲ್ಲಿ ಇಂಗಾಲ ರಾಶಿಯಾಗಿ ಕಣ್ಣಿಗೆ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ.

ವೆನಿಜುವೆಲಾದ ಉದಾಹರಣೆಯನ್ನೂ ಹೇಳಬೇಕು. ಸುಮಾರು 300 ಶತಕೋಟಿ ಬ್ಯಾರೆಲ್ ನಿಕ್ಷೇಪ, ಜಗತ್ತಿನಲ್ಲೇ ಅತಿ ಹೆಚ್ಚು ಎನ್ನುತ್ತಾರೆ. ಅದರ ಬಹುಪಾಲು ಒರಿನೊಕೊ ಪಟ್ಟಿಯ ಅತಿಭಾರ ತೈಲ. ಅದನ್ನು ಹಗುರಗೊಳಿಸಲು ಹೋಸೆ ಎಂಬ ಬಂದರಿನಲ್ಲಿ ಕಟ್ಟಿದ ನಾಲ್ಕು ಘಟಕಗಳು ನಿರ್ವಹಣೆಯಿಲ್ಲದೆ ಸೊರಗಿದಾಗ, ಹೊರಗಿನಿಂದ ಹಗುರ ತೈಲ ತಂದು ಬೆರೆಸಿ ಮಾರುವ ಸ್ಥಿತಿ ಬಂತು. ನೆಲದಡಿಯ ತೈಲವನ್ನು ಸಂಪತ್ತೆಂದು ಎಣಿಸುವವರು ಮೇಲಿನ ಸ್ಥಾವರದ ಆರೋಗ್ಯವನ್ನೂ ಎಣಿಸಬೇಕು.

ಭಾರತ ತನಗೆ ಬೇಕಾದ ಕಚ್ಚಾ ತೈಲದ ಶೇ. 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಭಾರವಾದ, ಗಂಧಕ ಹೆಚ್ಚಿರುವ ತೈಲ ಅಗ್ಗ. ಅದನ್ನು ಅರಗಿಸಿಕೊಳ್ಳುವ ಸ್ಥಾವರವಿದ್ದವರಿಗೆ ಲಾಭ. ಗುಜರಾತಿನ ಜಾಮ್‌ನಗರದ ಸಂಸ್ಕರಣಾಗಾರದ ಯಶಸ್ಸಿನ ಗುಟ್ಟೂ ಅದೇ. ಫರೀದಾಬಾದಿನ ಇಂಡಿಯನ್ ಆಯಿಲ್ ಸಂಶೋಧನಾ ಕೇಂದ್ರ ರೂಪಿಸಿದ, ಭಾರ ತೈಲ ಒಡೆಯುವ ಇಂಡ್‌ಮ್ಯಾಕ್ಸ್ ತಂತ್ರಜ್ಞಾನ 2003ರಲ್ಲಿ ಗುವಾಹಟಿಯಲ್ಲಿ ಸಣ್ಣದಾಗಿ ಆರಂಭವಾಗಿ, ಪಾರಾದೀಪಿನಲ್ಲಿ ದೊಡ್ಡ ಘಟಕವಾಗಿ ನಿಂತಿದೆ. ನಮ್ಮ ಬೆಂಗಳೂರಿನ ಹೊಸಕೋಟೆಯ ಬಳಿ ದೇವನಗುಂದಿಯಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂನ ಸಂಶೋಧನಾ ಕೇಂದ್ರವಿದೆ. ಹೀಗಿದ್ದರೂ ಶೇಷ ತೈಲದ ದೊಡ್ಡ ಹೈಡ್ರೋಜನ್ ಘಟಕಗಳ ಪರವಾನಗಿಗೆ ನಾವು ಇನ್ನೂ ಹೊರಗಿನವರ ಮೊರೆ ಹೋಗುತ್ತೇವೆ.

ವಿದ್ಯಾರ್ಥಿಗಳಲ್ಲಿ, ಅವರ ಮಾರ್ಗದರ್ಶಕರಲ್ಲಿ ನನ್ನದೊಂದು ಮನವಿ. ಕ್ರಿಯಾವರ್ಧಕಗಳ ಮೇಲೆ ನಾವು ಬರೆಯುವ ಬಹುತೇಕ ಪ್ರಬಂಧಗಳು ಹೊಸ ಪುಡಿಯ ಮೊದಲ ಕೆಲವು ಗಂಟೆಗಳ ಚುರುಕನ್ನು ವರದಿಮಾಡಿ ಮುಗಿಯುತ್ತವೆ. ಪರೀಕ್ಷೆಗೆ ಬಳಸುವುದೂ ಗಂಧಕದ ಒಂದೇ ಸಂಯುಕ್ತ ಕರಗಿಸಿದ ಶುದ್ಧ ದ್ರಾವಣ. ನಿಜವಾದ ಶೇಷ ತೈಲವನ್ನೇ ತಂದು ಹಾಯಿಸಿ. ಸಾವಿರ ಗಂಟೆ ಓಡಿಸಿ, ಕೊನೆಯಲ್ಲಿ ಗುಳಿಗೆಯನ್ನು ಸೀಳಿ ವನೇಡಿಯಂ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಿ, ಫಲಿತಾಂಶ ಕೆಟ್ಟದಾಗಿದ್ದರೂ ಪ್ರಕಟಿಸಿ. ಸತ್ತ ಗುಳಿಗೆಯಿಂದ ಮಾಲಿಬ್ಡಿನಂ, ವನೇಡಿಯಂ ಮರಳಿ ತೆಗೆಯುವ ಕೆಲಸಕ್ಕೂ ಕೈಹಾಕಿ. ಅದು ಅಪಾಯಕಾರಿ ತ್ಯಾಜ್ಯವೂ ಹೌದು, ಬೆಲೆಬಾಳುವ ಅದಿರೂ ಹೌದು. ಇದಕ್ಕೆ ಬೇಕಾದ ಪೈಲಟ್ ಘಟಕವನ್ನು ವಿಶ್ವವಿದ್ಯಾಲಯಗಳು ಒಂಟಿಯಾಗಿ ಕಟ್ಟಲಾರವು. ಕರಾವಳಿಯ ಸಂಸ್ಕರಣಾಗಾರ ಮತ್ತು ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಸೇರಿ ಅಂಥದೊಂದನ್ನು ಕರ್ನಾಟಕದಲ್ಲಿ ಸ್ಥಾಪಿಸಲಿ ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.